ಲ್ಯಾಪ್‌ಟಾಪಲ್ಲಿ ಎಐ ಮಾಡೆಲ್ ಓಡಿಸಬೇಕಾ? ಮೊದಲು ಎರಡನೇ ರ‍್ಯಾಮ್ ಹಾಕಿ

ಸ್ವಂತ ಲ್ಯಾಪ್‌ಟಾಪಲ್ಲಿ ಮಾಡೆಲ್ ಓಡಿಸಿ ನೋಡಿ, ಅಕ್ಷರ ತೆವಳಿಕೊಂಡು ಬರೋದು ಕಂಡು ಬೇಜಾರಾಗಿ ಬಿಟ್ಟವರು ತುಂಬಾ ಜನ. ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕುವ ಮೊದಲು ಒಮ್ಮೆ ರ‍್ಯಾಮ್ ಕಡೆ ನೋಡಿ.

ಲೆಕ್ಕ ಸುಲಭ. 700 ಕೋಟಿ ಪ್ಯಾರಾಮೀಟರ್ (ಮಾಡೆಲ್ ಕಲಿತು ಇಟ್ಟುಕೊಂಡ ಸಂಖ್ಯೆಗಳು) ಇರುವ ಮಾಡೆಲ್‌ಗೆ ಒಂದೊಂದು ಸಂಖ್ಯೆಗೆ 16 ಬಿಟ್‌ನಂತೆ ಸುಮಾರು 14 ಜಿಬಿ ಬೇಕು. ಅದನ್ನೇ 4 ಬಿಟ್‌ಗೆ ಇಳಿಸಿದ ಫೈಲ್ ತಗೊಂಡರೆ 4 ಜಿಬಿ ಆಸುಪಾಸು ಸಾಕು. ಅಂದರೆ 16 ಜಿಬಿ ರ‍್ಯಾಮ್‌ನಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಒಂದೊಂದು ಟೋಕನ್ (ಪದ ಅಥವಾ ಪದದ ತುಂಡು) ಬರೆಯುವಾಗಲೂ ಪ್ರೊಸೆಸರ್ ಆ 4 ಜಿಬಿಯನ್ನೂ ಪೂರ್ತಿ ಓದಲೇಬೇಕು, ಹಾಗಾಗಿ ವೇಗ ನಿಂತಿರೋದು ರ‍್ಯಾಮ್ ಸೆಕೆಂಡಿಗೆ ಎಷ್ಟು ಡೇಟಾ ಕೊಡುತ್ತೆ ಅನ್ನೋದರ ಮೇಲೆ. ಡಿಡಿಆರ್4-3200 ಬಗೆಯ ರ‍್ಯಾಮ್ ಪಟ್ಟಿ (ಸ್ಟಿಕ್) ಒಂದೇ ಇದ್ದರೆ ಹೆಚ್ಚೆಂದರೆ 25.6 ಜಿಬಿ, ಎರಡಿದ್ದರೆ ಎರಡೂ ಒಟ್ಟಿಗೆ ಕೊಡುವುದರಿಂದ 51.2. ನಾಲ್ಕರಿಂದ ಭಾಗಿಸಿ ನೋಡಿ, ಸೆಕೆಂಡಿಗೆ 6 ಟೋಕನ್ ಎಲ್ಲಿ, 12 ಎಲ್ಲಿ! ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಎನ್‌ವಿಡಿಯಾದ ಎಚ್100 ಅನ್ನೋ ದೊಡ್ಡ ಎಐ ಚಿಪ್ ಅಷ್ಟು ಚುರುಕಾಗಿರೋದಕ್ಕೂ ಇದು ದೊಡ್ಡ ಕಾರಣ, ಅದರ ಮೆಮೊರಿ ಸೆಕೆಂಡಿಗೆ 3,350 ಜಿಬಿವರೆಗೆ ಕೊಡುತ್ತದೆ. ಕನ್ನಡದಲ್ಲಿ ಕೇಳುವ ನಮಗಂತೂ ಇದು ಇನ್ನೂ ಮುಖ್ಯ, ಯಾಕಂದರೆ ನಮ್ಮ ಒಂದೇ ಪದ ಎಷ್ಟೋ ಸಲ ನಾಲ್ಕೈದು ಟೋಕನ್ ಆಗಿ ಒಡೆಯುತ್ತದೆ.

ಮೊದಲು ಈಗಿನ ವೇಗ ಬರೆದಿಟ್ಟುಕೊಳ್ಳಿ. ಓಲಾಮಾದಲ್ಲಿ (ಸ್ವಂತ ಕಂಪ್ಯೂಟರಲ್ಲೇ ಮಾಡೆಲ್ ಓಡಿಸುವ ಸಾಫ್ಟ್‌ವೇರ್) ವರ್ಬೋಸ್ ಆನ್ ಮಾಡಿದರೆ ಉತ್ತರದ ಕೆಳಗೆ ಇವ್ಯಾಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಟೋಕನ್ ಅನ್ನೋದು, ಕಾಣುತ್ತದೆ. ಆಮೇಲೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ಒತ್ತಿ. ಸ್ಲಾಟ್ಸ್ ಯೂಸ್ಡ್ ಮುಂದೆ ಎರಡರಲ್ಲಿ ಒಂದು ಅಂತಿದ್ದರೆ ಒಂದು ಸ್ಲಾಟ್ ಖಾಲಿ ಇದೆ, ಅದೃಷ್ಟ ನಿಮ್ಮದು. ಫಾರ್ಮ್ ಫ್ಯಾಕ್ಟರ್ ಮುಂದೆ ರೋ ಆಫ್ ಚಿಪ್ಸ್ ಅಂತಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ. ಜೊತೆಗೊಂದು ಖಾಲಿ ಸ್ಲಾಟ್ ಇದೆಯಾ ಅಂತ ಕಂಪನಿಯ ಸೈಟಲ್ಲಿ ನೋಡಿ. ಈಗಿರುವಷ್ಟೇ ಜಿಬಿ, ಅದೇ ಡಿಡಿಆರ್, ಅದೇ ವೇಗದ್ದನ್ನೇ ತನ್ನಿ. ಡಿಡಿಆರ್5 ಸ್ಟಿಕ್ ಡಿಡಿಆರ್4 ಸ್ಲಾಟ್‌ಗೆ ಕೂರೋದೇ ಇಲ್ಲ.

ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜರ್ ತೆಗೆಯಿರಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಒಂದು ಹಾಳೆ ಮೇಲೆ ಯಾವ ಮೂಲೆಯದು ಎಲ್ಲಿ ಅಂತ ಹಾಗೇ ಜೋಡಿಸಿಡಿ. ಹಳೇ ಎಟಿಎಂ ಕಾರ್ಡ್ ತೂರಿಸಿ ಮುಚ್ಚಳ ನಿಧಾನಕ್ಕೆ ಬಿಡಿಸಿ. ಒಳಗೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕಳಚೋದು, ಇದನ್ನು ಮಾತ್ರ ಬಿಡಲೇಬೇಡಿ. ಸ್ಟಿಕ್ ಅಂಚಲ್ಲಿ ಹಿಡಿದು, ಕಚ್ಚು ಹೊಂದಿಸಿ, ಓರೆಯಾಗಿ ಒಳಗೆ ತಳ್ಳಿ. ಚಿನ್ನದ ಬಣ್ಣದ ಗೆರೆಗಳು ಹೆಚ್ಚುಕಮ್ಮಿ ಮರೆಯಾಗಬೇಕು. ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಕಡೆಯ ಕ್ಲಿಪ್ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಸದ್ದು ಬರಲಿಲ್ಲ ಅಂದರೆ ಕೂತಿಲ್ಲ, ಬಲ ಹಾಕದೆ ತೆಗೆದು ಮತ್ತೆ ಕೂರಿಸಿ.

ಮೊದಲ ಸಲ ಆನ್ ಮಾಡಿದಾಗ ಪರದೆ ಒಂದೆರಡು ನಿಮಿಷ ಕಪ್ಪಾಗೇ ಇರಬಹುದು. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ, ಹೊಸ ರ‍್ಯಾಮ್ ಜೊತೆ ಅದು ಹೊಂದಿಕೊಳ್ಳುತ್ತಿರುತ್ತದೆ. ಬೂಟ್ ಆದ ಮೇಲೆ ಅದೇ ಮಾಡೆಲ್‌ಗೆ ಅದೇ ಪ್ರಶ್ನೆ ಕೇಳಿ, ಹೊಸ ಇವ್ಯಾಲ್ ರೇಟನ್ನು ಮುಂಚೆ ಬರೆದಿಟ್ಟದ್ದರ ಪಕ್ಕ ಬರೆಯಿರಿ.