ಹಲಸಿನ ಹಪ್ಪಳ ಆನ್‌ಲೈನ್‌ನಲ್ಲಿ ಮಾರಲು ನಾನು ಬರೆದ ಬಿಸಿನೆಸ್ ಪ್ಲಾನ್

ಮೊದಲ ಸಲ ಸಾಲ ಕೇಳಲು ಹೋದಾಗ ನನ್ನ ಕೈಲಿದ್ದದ್ದು 22 ಪುಟದ ಪ್ರಾಜೆಕ್ಟ್ ರಿಪೋರ್ಟು. ಸಿದ್ದಾಪುರ ಪೇಟೆಯಲ್ಲಿ ಟೈಪ್ ಮಾಡಿಸಿ, ಬಣ್ಣದ ರಟ್ಟು ಹಾಕಿಸಿದ್ದೆ. ಬ್ಯಾಂಕಿನ ಮ್ಯಾನೇಜರ್ ನಾಲ್ಕು ಪುಟ ತಿರುವಿ, "ಅಮ್ಮಾ, ಜೂನ್ ತಿಂಗಳ ಕಂತು ಯಾವ ದುಡ್ಡಲ್ಲಿ ಕಟ್ತೀರಿ?" ಅಂತ ಕೇಳಿದರು. ಅಷ್ಟೂ ಪುಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಮನೆಗೆ ಬಂದು ಮಗನ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಮತ್ತೆ ಮೊದಲಿಂದ ಬರೆದೆ. ಸಾಲ ಸಿಕ್ಕಿದ್ದು ಆ ಆರು ಹಾಳೆಗೆ. ನಿಮ್ಮದು ಚಟ್ನಿಪುಡಿ ಇರಲಿ, ಕುಪ್ಪಸ ಇರಲಿ, ಬರೆಯುವ ಕ್ರಮ ಇದೇ ಅಂತ ನಂಬಿದ್ದೇನೆ.

ಶುರು ಮಾಡಬೇಕಾದ್ದು ಒಂದು ಪ್ಯಾಕೆಟ್ಟಿನಿಂದ. ವರ್ಷಕ್ಕೆ ಎಷ್ಟು ಲಕ್ಷ ಅನ್ನುವುದನ್ನು ಆಮೇಲೆ ನೋಡೋಣ. ನನ್ನ ಪ್ಯಾಕೆಟ್ಟಿನಲ್ಲಿ 25 ಹಪ್ಪಳ. ಬಲಿತ ಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒತ್ತಿ, ಚಾಪೆಗೆ ಹಾಕುವಷ್ಟರಲ್ಲಿ ನಾಲ್ಕು ಜನ ಹೆಂಗಸರಿಗೆ ಇಡೀ ದಿನ ಬೇಕು. ಆಗುವುದು 400 ಹಪ್ಪಳ. ಕೂಲಿ ತಲೆಗೆ 400 ರೂಪಾಯಿ. ಹಾಗಾಗಿ ಒಂದು ಪ್ಯಾಕೆಟ್ಟಿಗೆ ಕೂಲಿಯೇ 100 ರೂಪಾಯಿ. ಕಾಯಿಗೆ 12, ಉಪ್ಪು, ಸೂಜಿಮೆಣಸು, ಜೀರಿಗೆಗೆ 6, ಕಟ್ಟಿಗೆಗೆ 4. ಇಲ್ಲಿಗೆ 122. ಒಣಗುವಾಗ ನೂರಕ್ಕೆ ಆರು ಒಡೆಯುತ್ತವೆ, ಅದಕ್ಕೆ 8. ಕವರ್ ಮತ್ತು ಲೇಬಲ್‌ಗೆ 10, ರಟ್ಟಿನ ಡಬ್ಬಿಯ ಪಾಲು 10. ಒಟ್ಟು 150.

ಇದರಲ್ಲಿ ನನ್ನ ಕೂಲಿ ಇನ್ನೂ ಬಂದಿಲ್ಲ. ಸಂಜೆ ಕೂತು ಪ್ಯಾಕ್ ಮಾಡುವುದು, ಫೋಟೋ ತೆಗೆಯುವುದು, ವಾಟ್ಸಾಪ್‌ನಲ್ಲಿ "ಖಾರ ಜಾಸ್ತಿ ಇದೆಯಾ" ಅನ್ನುವವರಿಗೆ ಉತ್ತರ ಬರೆಯುವುದು, ಇದೆಲ್ಲ ಕೆಲಸವೇ. ಮನೆ ಹೆಂಗಸರ ದುಡಿಮೆ ಲೆಕ್ಕಕ್ಕೆ ಬರದೇ ಹೋಗುವುದು ಇಲ್ಲಿಯೇ. ದಯವಿಟ್ಟು ಆ ಸಾಲನ್ನು ಬಿಡಬೇಡಿ. ನಾನು 15 ರೂಪಾಯಿ ಹಾಕಿದೆ. ಅಸಲು 165 ಆಯಿತು. ಅಲ್ಲಿಯವರೆಗೆ ಪೇಟೆ ಅಂಗಡಿಯ ಬೆಲೆ ನೋಡಿ 150ಕ್ಕೆ ಕೊಡುತ್ತಿದ್ದೆ. ಒಂದೊಂದು ಪ್ಯಾಕೆಟ್ ಹೋದಾಗಲೂ ನನ್ನ ಕೂಲಿ ಬಿಟ್ಟುಕೊಟ್ಟು ಖುಷಿಪಡುತ್ತಿದ್ದೆ ಅಂತ ಆ ರಾತ್ರಿ ಗೊತ್ತಾಯಿತು. ಈಗ ಬೆಲೆ 220, ಕೊರಿಯರ್ ಬೇರೆ. ಉಳಿಯುವ 55 ರೂಪಾಯಿಯಲ್ಲೇ ಸಾಲದ ಬಡ್ಡಿಯೂ ಹೋಗಬೇಕು.

ಎರಡನೇ ಹಾಳೆ ಪಾರ್ಸೆಲ್‌ನದ್ದು. ಹಪ್ಪಳ ಹಗುರ, ಆದರೆ ಜಾಗ ತಿನ್ನುತ್ತದೆ. ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಾನು ಮೊದಲು ನಾಲ್ಕು ಪ್ಯಾಕೆಟ್ಟುಗಳನ್ನು ಪಕ್ಕಪಕ್ಕ ಇಟ್ಟು 32, 32, 15ರ ಡಬ್ಬಿಯಲ್ಲಿ ಕಳಿಸಿದೆ. ತಕ್ಕಡಿಯಲ್ಲಿ ಅದು ಒಂದೂವರೆ ಕಿಲೋ ಕೂಡ ಇರಲಿಲ್ಲ. ಬಿಲ್ಲು ಬಂದದ್ದು ಮೂರು ಕಿಲೋ ಮೇಲಿನ ಲೆಕ್ಕಕ್ಕೆ. ಸಾಲದ್ದಕ್ಕೆ ಮೇಲೆ ಭಾರ ಬಿದ್ದು ಅರ್ಧ ಹಪ್ಪಳ ಪುಡಿ. ಬಾಣಂತಿ ಮಗಳಿಗೆ ಅಂತ ತರಿಸಿಕೊಂಡಿದ್ದ ಆ ತಾಯಿ ಫೋಟೋ ಕಳಿಸಿದಾಗ ನನಗೆ ಅಳು ಬಂತು. ಇನ್ನೊಂದು ಡಬ್ಬಿ ಕಳಿಸಿಕೊಟ್ಟೆ. ಆಮೇಲೆ ನಾಲ್ಕನ್ನೂ ಒಂದರ ಮೇಲೊಂದು ಪೇರಿಸಿ, 18, 18, 26ರ ಗಟ್ಟಿ ಡಬ್ಬಿ ಮಾಡಿಸಿದೆ. ಲೆಕ್ಕದ ತೂಕ 1.7 ಕಿಲೋಗೆ ಇಳಿಯಿತು, ಒಡೆಯುವುದೂ ನಿಂತಿತು. ಹಾಗಾಗಿ ಮಾರುವ ಮೊದಲೇ ಡಬ್ಬಿಯ ಅಳತೆ ಪ್ಲಾನ್‌ನಲ್ಲಿ ಇರಲಿ. ಬೇರೆ ಬೇರೆ ಊರಿನ ನೆಂಟರಿಗೆ ನಾಲ್ಕು ಪಾರ್ಸೆಲ್ ಕಳಿಸಿ, ಹೇಗೆ ತಲುಪಿತು ಅಂತ ಕೇಳಿ ಬರೆದುಕೊಳ್ಳಿ. ಅಂಚೆ ಪಾರ್ಸೆಲ್ ದರವನ್ನೂ ಕೇಳಿ. ಹಳ್ಳಿಯಲ್ಲಿರುವ ನಮಗೆ ಅಂಚೆ ಕಚೇರಿಯಷ್ಟು ಹತ್ತಿರ ಬೇರೆ ಯಾವುದೂ ಇಲ್ಲ.

ಇನ್ನು ಮುಖ್ಯವಾದದ್ದು, ಮ್ಯಾನೇಜರ್ ಕೇಳಿದ ಪ್ರಶ್ನೆ. ಹಾಳೆಯ ಮೇಲೆ 12 ತಿಂಗಳ ಹೆಸರು ಬರೆದು, ಪಕ್ಕದಲ್ಲಿ ಹೋಗುವ ದುಡ್ಡು, ಬರುವ ದುಡ್ಡು ಅಂತ ಎರಡು ಸಾಲು ಎಳೆಯಿರಿ. ಹಪ್ಪಳ ಆಗುವುದು ಬಿಸಿಲಲ್ಲಿ, ತಿನ್ನುವುದು ಮಳೆಯಲ್ಲಿ. ನನ್ನ ಕೆಲಸ ಏಪ್ರಿಲ್ ಒಂದರಿಂದ ಮೇ ಮೂರನೇ ವಾರದವರೆಗೆ 40 ದಿನ. ಒಡೆದದ್ದು ಕಳೆದು 600 ಪ್ಯಾಕೆಟ್. ಏಪ್ರಿಲ್‌ನಲ್ಲಿ ಸುಮಾರು 47,000 ಹೋಗುತ್ತದೆ. ಮೇ ತಿಂಗಳಲ್ಲಿ ಕವರ್, ಡಬ್ಬಿ ಸೇರಿ 43,000. ಬರುವ ಕಡೆ, 100 ಪ್ಯಾಕೆಟ್ಟಿಗೆ ಅರ್ಧ ದುಡ್ಡು ಮುಂಗಡ ತಗೊಂಡರೆ ಏಪ್ರಿಲ್‌ನಲ್ಲಿ 11,000, ಅವರಿಗೆ ಮಾಲು ಕಳಿಸುವ ಮೊದಲು ಮೇನಲ್ಲಿ 11,000. ಮೇ ಕೊನೆಗೆ 68,000 ಕೈಯಿಂದ ಹೋಗಿರುತ್ತದೆ. ಉಳಿದ 500 ಪ್ಯಾಕೆಟ್ ಜೂನ್‌ನಿಂದ ಜನವರಿವರೆಗೆ ನಿಧಾನ ಕರಗುತ್ತದೆ: ಜೂನ್ 90, ಜುಲೈ 110, ಆಗಸ್ಟ್ 90, ಆಮೇಲೆ ಇಳಿಮುಖ.

ಎಷ್ಟು ಬಂಡವಾಳ ಬೇಕು ಅನ್ನುವುದು ಹೀಗೆ ತಾನಾಗಿ ಬರುತ್ತದೆ. ನನ್ನ ಹತ್ತಿರ 25,000 ಇತ್ತು. ಸಣ್ಣ ವ್ಯಾಪಾರಕ್ಕೆ ಅಂತ ಇರುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ ಸಿಗುತ್ತದೆ, ಅಷ್ಟನ್ನೇ ಕೇಳಿದೆ. ಮೊದಲ ಕಂತು ಜುಲೈನಿಂದ ಇರಲಿ ಅಂತ ಹಾಳೆ ತೋರಿಸಿದೆ. ಒಪ್ಪಿದರು. ರುಬ್ಬುವ ಯಂತ್ರ, ಡ್ರೈಯರ್ ಅಂತ ದೊಡ್ಡದು ಹಾಕುವವರು ಸಣ್ಣ ಆಹಾರ ಘಟಕಗಳಿಗೆ ಅಂತ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆ ಈಗಲೂ ಇದೆಯೇ ಅಂತ ವಿಚಾರಿಸಿ. ಆಹಾರ ತಯಾರಿಕೆಗೆ ಅದರಲ್ಲಿ ಶೇ 35 ಸಹಾಯಧನ ಇತ್ತು, ಆದರೆ ಸಾಲದ ಜೊತೆಗೇ.

ಅದೇ ಹಾಳೆಯಲ್ಲಿ ಕೆಟ್ಟ ವರ್ಷಕ್ಕೂ ಒಂದು ಸಾಲು ಬಿಡಿ. ನಾನು 40 ಬಿಸಿಲು ದಿನ ಬರೆದಿದ್ದೆ, ಅಡ್ಡಮಳೆ ಹೊಡೆದು ಸಿಕ್ಕಿದ್ದು 31. ಆಗಿದ್ದು 466 ಪ್ಯಾಕೆಟ್, ಉಳಿಕೆ 33,000ದ ಬದಲು 25,600. ಆ ಸಾಲು ಮೊದಲೇ ಬರೆದಿದ್ದರಿಂದ ಮುಂಗಡವನ್ನು 100ಕ್ಕೇ ನಿಲ್ಲಿಸಿದ್ದೆ, ಯಾರಿಗೂ ಮಾತು ತಪ್ಪಲಿಲ್ಲ.

ಗಿರಾಕಿ ಯಾರು ಅನ್ನುವುದಕ್ಕೆ ಒಂದು ಹಾಳೆ ಸಾಕು, ಆದರೆ ಮುಖ ಕಾಣುವಂತೆ ಬರೆಯಿರಿ. "ಎಲ್ಲರೂ" ಅಂತ ಬರೆದರೆ ಯಾರೂ ಅಲ್ಲ. ನನ್ನವರು ಊರು ಬಿಟ್ಟು ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯ ಸಂಸಾರಗಳು. ಅವರಿಗೆ ಎಣ್ಣೆಯಲ್ಲಿ ಅರಳುವ ಹಪ್ಪಳದ ಒಂದು ವಿಡಿಯೋ ಸಾಕು. ಜಾಹೀರಾತಿಗೆ ನಾನು ದುಡ್ಡು ಹಾಕಿಲ್ಲ. ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಕಡೆ ಹೋಗುವುದಾದರೆ ಅವರ ಕಮಿಷನ್, ವಾಪಸ್ ಬರುವ ಮಾಲಿನ ಖರ್ಚು, ಎರಡನ್ನೂ ಮೊದಲ ಹಾಳೆಯ ಅಸಲಿಗೆ ಸೇರಿಸಿ ನೋಡಿ. ನನ್ನ 55ರಲ್ಲಿ ಅದಕ್ಕೆ ಜಾಗ ಇರಲಿಲ್ಲ. ಯುಪಿಐನಲ್ಲಿ ದುಡ್ಡು ಬಂದ ಮೇಲೆಯೇ ಪಾರ್ಸೆಲ್ ಕಟ್ಟುತ್ತೇನೆ.

ಕಾಗದಪತ್ರ ಹೆದರುವಷ್ಟಿಲ್ಲ. ತಿನ್ನುವ ವಸ್ತುವಿಗೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕೇ ಬೇಕು. ನಾನು ಮಾಡಿಸಿದಾಗ 12 ಲಕ್ಷದೊಳಗಿನ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ. ಆ ನೋಂದಣಿಯ 14 ಅಂಕಿಯ ಸಂಖ್ಯೆ, ತೂಕ, ಎಂಆರ್‌ಪಿ, ತಯಾರಿಸಿದ ದಿನ, ವಿಳಾಸ ಲೇಬಲ್ ಮೇಲೆ ಇರಬೇಕು. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಆದರೆ ಅದರ ಜೊತೆ ಮಿಡಿ ಉಪ್ಪಿನಕಾಯಿ ಸೇರಿಸಿ ಪುಣೆಗೆ ಕಳಿಸಿದ ದಿನ ಲೆಕ್ಕ ಬದಲಾಗುತ್ತದೆ: ಅದಕ್ಕೆ ತೆರಿಗೆ ಇದೆ, ತೆರಿಗೆ ಇರುವ ಮಾಲು ರಾಜ್ಯದಾಚೆ ಹೋಗಲು ಜಿಎಸ್‌ಟಿ ನೋಂದಣಿ ಬೇಕು. ಹೊಸ ವಸ್ತು ಸೇರಿಸುವ ಮೊದಲು ಲೆಕ್ಕಪತ್ರ ನೋಡುವವರನ್ನು ಒಮ್ಮೆ ಕೇಳಿ.

ನನ್ನ ನೋಟ್‌ಬುಕ್ ಈಗ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಪ್ರತಿ ಭಾನುವಾರ ಬರೆದದ್ದರ ಪಕ್ಕ ನಿಜವಾಗಿ ಆದದ್ದನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಈ ಸಲ ಕೂಲಿ 450 ಕೇಳಿದ್ದಾರೆ, ಕೇಳುವುದು ನ್ಯಾಯವೇ. ಪ್ಯಾಕೆಟ್ಟಿಗೆ ಹನ್ನೆರಡೂವರೆ ರೂಪಾಯಿ ಏರುತ್ತದೆ. ಏಪ್ರಿಲ್ ಮುಂಗಡದ ಮೆಸೇಜ್ ಹಾಕುವ ಮೊದಲು ಹೊಸ ಬೆಲೆ ತೀರ್ಮಾನ ಆಗಬೇಕು.