ಮಾವನವರನ್ನು ಸ್ಟರ್‌ಬ್ರಿಜ್‌ಗೆ ಮಾರ್ಚ್‌ನಲ್ಲೇ ಯಾಕೆ ಕರೆದೊಯ್ದೆ

ಬಾಸ್ಟನ್ ಸುತ್ತಮುತ್ತ ಇರುವ ನಮ್ಮವರಿಗೆ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್ ಹೊಸದೇನಲ್ಲ. 1946ರಲ್ಲಿ ತೆರೆದ ಬಯಲು ಮ್ಯೂಸಿಯಂ, ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನ 1830ರ ದಶಕದ ಹಳ್ಳಿಯಂತೆ ಕಟ್ಟಿದ್ದು, ಆ ಕಾಲದ ಉಡುಪು ತೊಟ್ಟು ಕೆಲಸ ಮಾಡಿ ತೋರಿಸುವ ಸಿಬ್ಬಂದಿ, ಇದೆಲ್ಲ ಗೊತ್ತಿರುವುದೇ. ಊರಿಂದ ಬಂದ ಹಿರಿಯರಿಗೆ ಅದು ರುಚಿಸುವಂತೆ ಮಾಡುವುದು ಹೇಗೆ ಅನ್ನುವುದಷ್ಟೇ ನನ್ನ ವಿಷಯ.

ನಮ್ಮ ಷಡ್ಡಕರು ಮೊದಲೇ ಹೇಳಿದ್ದರು: “ಹಳ್ಳಿಯಿಂದ ಬಂದವರಿಗೆ ದುಡ್ಡು ಕೊಟ್ಟು ಹಳ್ಳಿ ತೋರಿಸ್ತೀರಲ್ರೀ, ನಯಾಗರಾಕ್ಕೆ ಕರ್ಕೊಂಡ್ ಹೋಗಿ.” ಮೊದಮೊದಲು ಅವರ ಮಾತೇ ನಿಜವಾಯಿತು. ಜುಲೈ ಬಿಸಿಲು, ಶನಿವಾರದ ಜನಜಂಗುಳಿ, ಕೈಯಲ್ಲಿ ನಕ್ಷೆ. ನಲವತ್ತಕ್ಕೂ ಹೆಚ್ಚು ಕಟ್ಟಡಗಳಿವೆ, ಒಂದೊಂದಕ್ಕೂ ಐದು ನಿಮಿಷ. ಟಿಕೆಟ್ ತಲೆಗೆ 30 ಡಾಲರ್ ಆಸುಪಾಸು, ಐದು ಜನಕ್ಕೆ ಊಟ ಸೇರಿ 200 ದಾಟಿತು. ಅತ್ತೆ ಹೇಳಿದ್ದು ಒಂದೇ ಮಾತು: “ಚೆನ್ನಾಗಿತ್ತು ಕಣಪ್ಪ, ಕಾಲು ನೋಯ್ತು.”

ಇನ್ನೊಂದು ಸಲ ಪ್ಲಿಮತ್‌ನಲ್ಲಿರುವ ಇಂಥದ್ದೇ ಮ್ಯೂಸಿಯಂ ಕಡೆ ಹೋಗಿ ನೋಡಿದೆವು. ಅಲ್ಲಿ ಇಂಗ್ಲಿಷ್ ವಸಾಹತಿನ ಭಾಗದಲ್ಲಿ ವೇಷ ಹಾಕಿದವರು 1620ರ ದಶಕದ ಮನುಷ್ಯರಾಗಿಯೇ ಮಾತಾಡುತ್ತಾರೆ. ಆ ವರಸೆ ನನಗೇ ಅರ್ಧಂಬರ್ಧ ತಿಳಿಯಿತು. ಅದನ್ನು ಮಾವನಿಗೆ ಮಂಡ್ಯದ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಸ್ಕೂಲ್ ಮಕ್ಕಳ ದಂಡು ಬಂದು ತಳ್ಳಿತು. ಸ್ಟರ್‌ಬ್ರಿಜ್‌ನವರು ಹೆಚ್ಚಾಗಿ ನಟಿಸುವುದಿಲ್ಲ, “ಆಗಿನವರು ಹೀಗೆ ಮಾಡ್ತಿದ್ದರು” ಅನ್ನುತ್ತಾರೆ. ಏನು ಬೇಕಾದರೂ ಕೇಳಬಹುದು. ಭಾಷೆ ಬಾರದ ಹಿರಿಯರಿಗೆ ಇದೇ ಸರಿ.

ಕೊನೆಗೆ ನಾನು ಹಿಡಿದ ದಾರಿ ಇಷ್ಟೇ: ಬಂದವರು ಕೈಯಾರೆ ಮಾಡಿದ ಕಸುಬು ಯಾವುದೋ, ಅದು ನಡೆಯುವ ಋತುವಿನಲ್ಲಿ ಹೋಗಿ, ಅದೊಂದರ ಮುಂದೆ ಕೂತುಬಿಡುವುದು. ಮಾವ ಆಲೆಮನೆ ನಡೆಸಿದವರು. ಸ್ಟರ್‌ಬ್ರಿಜ್‌ನಲ್ಲಿ ಮೇಪಲ್ ಮರದ ಸಿಹಿ ರಸ ಕಾಯಿಸುವುದು ಚಳಿಗಾಲದ ಕೊನೆಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ. “ಆ ಚಳಿಯಲ್ಲಿ ಎಪ್ಪತ್ತು ದಾಟಿದವರನ್ನು ಕರೆಸ್ತೀರಾ?” ಎಂದು ಮನೆಯಲ್ಲಿ ಎಲ್ಲರೂ ಬೈದರು. ಬೂಟು, ದಪ್ಪ ಕೋಟು ಹಳೇ ಬಟ್ಟೆ ಅಂಗಡಿಯಲ್ಲಿ 25 ಡಾಲರ್‌ಗೆ ಸಿಕ್ಕವು.

ಮರಗಳ ನಡುವೆ ಬೆಂಕಿ, ಮೇಲೆ ಕಬ್ಬಿಣದ ಹಂಡೆಗಳು. ಮಾವ ಮೊದಲು ನೋಡಿದ್ದು ನೊರೆ. “ಅಳಿಮಯ್ಯ, ಉಕ್ಕಿದ್ರೆ ಏನ್ ಹಾಕ್ತಾರೆ ಕೇಳಿ.” ಹಂಡೆಯ ಮೇಲೆ ದಾರಕ್ಕೆ ಹಂದಿ ಕೊಬ್ಬಿನ ತುಂಡು ಕಟ್ಟುತ್ತಿದ್ದರಂತೆ, ನೊರೆ ಅದಕ್ಕೆ ತಾಗಿ ಇಳಿಯುತ್ತದೆ. ಮಾವ “ರಾಮ ರಾಮ” ಅಂದು, ನಾವು ಹರಳೆಣ್ಣೆ ಬಿಡ್ತೀವಿ ಅಂತ ಹೇಳು ಅಂದರು. ಹೇಳಿದೆ. ರಸ ಕಾಯಿಸುತ್ತಿದ್ದ ಹೆಂಗಸು ಸೌಟು ಬಿಟ್ಟು ಕೂತು ಕೇಳಲು ಶುರುಮಾಡಿದಳು. ಹದ ನೋಡಲು ಅವಳು ಒಂದು ಹನಿ ಪಾಕ ಹಿಮದ ಮೇಲೆ ಬಿಟ್ಟಳು, ಮೇಣದಂತೆ ಗಟ್ಟಿಯಾಯಿತು. ತಣ್ಣೀರಿನ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುವುದನ್ನು ಮಾವ ಗಾಳಿಯಲ್ಲೇ ಮಾಡಿ ತೋರಿಸಿದರು. ಆಮೇಲೆ ಲೆಕ್ಕ: 40 ಗ್ಯಾಲನ್ ರಸಕ್ಕೆ ಒಂದು ಗ್ಯಾಲನ್ ಸಿರಪ್, ಆಗಿನವರು ಅದನ್ನೂ ಇನ್ನಷ್ಟು ಕಾಯಿಸಿ ಸಕ್ಕರೆ ಕಟ್ಟುತ್ತಿದ್ದರು. “ನಮ್ದು ಟನ್ ಕಬ್ಬಿಗೆ ಒಂದು ಕ್ವಿಂಟಾಲ್ ಬೆಲ್ಲ. ಇವರಿಗೆ ಸೌದೆ ಖರ್ಚೇ ಗಿಟ್ಟಲ್ಲ!” ಎರಡು ಗಂಟೆ ಕದಲಲಿಲ್ಲ. ಉಳಿದ ಕಟ್ಟಡಗಳತ್ತ ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದವರೇ ಹಿತ್ತಲಿನ ಕೆಂಪು ಮೇಪಲ್‌ಗೆ ತೂತು ಕೊರೆಸಿದರು. ಎರಡು ಗ್ಯಾಲನ್ ಕುದಿಸಿ ಸಿಕ್ಕಿದ್ದು ಅರ್ಧ ಲೋಟ. ಅಡುಗೆಮನೆ ಗೋಡೆಯೆಲ್ಲ ಅಂಟಂಟು, ಹೆಂಡತಿಯ ಬೈಗುಳ ಬೇರೆ. ಹೋಳಿಗೆಗೆ ಮಾತ್ರ ಚೆನ್ನಾಗಿ ಒಗ್ಗಿತು.

ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಹೋಗುವವರು ಕುಟುಂಬದ ಸದಸ್ಯತ್ವವನ್ನೇ ತೆಗೆದುಕೊಳ್ಳಿ, ನನಗಂತೂ ಗಿಟ್ಟಿದೆ. ಒಲೆಯ ಮೇಲಿನ ಅಡುಗೆ ರುಚಿ ನೋಡಲು ಸಿಗುತ್ತದೆ ಅಂತ ಕಾಯಬೇಡಿ, ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಯಾವ ವಾರ, ಎಷ್ಟು ಹೊತ್ತಿಗೆ ಹೋದರೆ ಆ ಬೆಂಕಿಯ ಹತ್ತಿರ ಜನ ಇರುವುದಿಲ್ಲ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಮುಂದೆ ಚಿತ್ರದುರ್ಗ ಕಡೆಯ ದೊಡ್ಡಮ್ಮ ಬರುತ್ತಾರೆ. ಕಂಬಳಿ ಉಣ್ಣೆ ನೂತ ಕೈ. ನೀರಿನಿಂದ ತಿರುಗುವ ಉಣ್ಣೆ ಹಿಂಜುವ ಗಿರಣಿ ಅಲ್ಲಿದೆ, ಅವರಿಗೆ ಅದೇ. ನೀರು ಹೆಪ್ಪುಗಟ್ಟುವ ಕಾಲದಲ್ಲಿ ಗಿರಣಿ ಓಡದು, ಹಾಗಾಗಿ ಟಿಕೆಟ್ ಮೇ ತಿಂಗಳಿಗೆ ಮಾಡಿಸಿದ್ದೇನೆ.