ಮರವಂತೆಯ ಕಡಲು, ನನ್ನ ಬಿಳಿ ಟ್ಯೂಬು

ಎಣ್ಣೆಬಣ್ಣ ಹೊತ್ತುಕೊಂಡು ಮೊದಲ ಸಲ ಮರವಂತೆಗೆ ಹೋಗಿದ್ದು ಸಂಜೆ. ಎಲ್ಲರೂ ಸೂರ್ಯಾಸ್ತಕ್ಕೇ ಹೋಗುವುದು ಅಲ್ವಾ? ಅಲ್ಲೇ ಎಡವಿದೆ. ನಮ್ಮ ಕರಾವಳಿಯಲ್ಲಿ ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಎದುರಿಗೆ ಉರಿ, ಕ್ಯಾನ್ವಾಸಿನ ಮೇಲೆ ನೆರಳು. ಕತ್ತಲಾಗಿ ಕಾಣುತ್ತದೆ ಅಂತ ಬಿಳಿ ಸುರಿಯುತ್ತಲೇ ಹೋದೆ. ಮನೆಗೆ ಬಂದು ದೀಪದ ಕೆಳಗೆ ನೋಡಿದರೆ ಕಡಲು ಸುಣ್ಣದ ನೀರಿನ ಹಾಗಿತ್ತು.

ಮುಂದಿನ ಸಲ ಬೆಳಿಗ್ಗೆ ಏಳಕ್ಕೇ ಹೋದೆ. ಹೆದ್ದಾರಿ 66ರ ಒಂದು ಪಕ್ಕ ಸೌಪರ್ಣಿಕಾ ಹೊಳೆ, ಇನ್ನೊಂದು ಪಕ್ಕ ಕಡಲು. ಬಿಸಿಲು ಹೊಳೆಯ ಕಡೆಯಿಂದ ಬೆನ್ನಿಗೆ ಬೀಳುತ್ತದೆ. ಆದರೆ ಅದು ಕ್ಯಾನ್ವಾಸಿಗೂ ಬೀಳುತ್ತದೆ, ಆಗ ಎಲ್ಲ ತಿಳಿಯಾಗಿ ಕಂಡು ಬಣ್ಣ ಗಾಢವಾಗಿ ಕಲಸಿಬಿಡುತ್ತೇವೆ. ಅದಕ್ಕೆ ಕಪ್ಪು ಕೊಡೆ ಕಟ್ಟಿಕೊಂಡೆ. ಗಾಳಿಗೆ ಈಸೆಲ್, ಅಂದರೆ ಚಿತ್ರ ನಿಲ್ಲಿಸುವ ಸ್ಟ್ಯಾಂಡು, ಹಾರದಿರಲಿ ಅಂತ ಚೀಲದಲ್ಲಿ ಕಲ್ಲು ತುಂಬಿ ಅದಕ್ಕೇ ನೇತುಹಾಕಿದೆ. ಆದರೂ ಮರಳು ಹಾರಿ ಬಣ್ಣಕ್ಕೆ ಅಂಟಿತು. ಚಿಂತೆ ಮಾಡಲಿಲ್ಲ. ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1870ರಲ್ಲಿ ಫ್ರಾನ್ಸಿನ ಟ್ರೂವಿಲ್‌ನಲ್ಲಿ ಬರೆದ ಕಡಲತೀರದ ಚಿತ್ರದಲ್ಲೂ ಮರಳಿನ ಕಾಳುಗಳಿವೆ. ಅದು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

10x12 ಇಂಚಿನ ಬೋರ್ಡಿಗೆ ಎರಡು ದಿನ ಮೊದಲೇ ಬರ್ಂಟ್ ಸಿಯೆನ್ನಾ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಬಳಿದಿದ್ದೆ. ನೀಲಿಯ ಗೀಟುಗಳ ನಡುವೆ ಈ ಕೆಂಗಂದು ಅಲ್ಲಲ್ಲಿ ಇಣುಕಿದರೆ ನೀರಿಗೆ ಜೀವ ಬರುತ್ತದೆ. ಕಪ್ಪು ಟ್ಯೂಬ್ ಮನೆಯಲ್ಲೇ ಬಿಟ್ಟೆ. ಅಲ್ಟ್ರಾಮರೀನ್ ನೀಲಿಗೆ ಅದೇ ಸಿಯೆನ್ನಾ ಸೇರಿಸಿದರೆ ಬಂಡೆಯ ಸಂದಿಗೆ ಬೇಕಾದಷ್ಟು ಕಪ್ಪು ಸಿಗುತ್ತದೆ.

ನಿಜವಾದ ಕಷ್ಟ ನೊರೆಯದು. ನೊರೆ ಬಿಳಿ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಕಣ್ಣು ಕಿರಿದು ಮಾಡಿ ಹತ್ತು ನಿಮಿಷ ಸುಮ್ನೆ ನೋಡಿದೆ. ಬಿಸಿಲು ಬಿದ್ದ ಕಡೆ ಅದು ಕೆನೆಯ ಬಣ್ಣ. ಮಗುಚುವ ಅಲೆಯ ಅಡಿಯಲ್ಲಿ, ನೆರಳಿನಲ್ಲಿ, ತಿಳಿ ನೇರಳೆ. ಬಿಳಿಗೆ ಚೂರು ಯೆಲ್ಲೊ ಓಕರ್ ಹಾಕಿ ಕೆನೆ ಮಾಡಿಕೊಂಡೆ. ಬಿಳಿ, ಅಲ್ಟ್ರಾಮರೀನ್, ಸಾಸಿವೆಯಷ್ಟು ಅಲಿಜರಿನ್ ಕ್ರಿಮ್ಸನ್ ಕೆಂಪು ಸೇರಿಸಿ ನೇರಳೆ. ಚಪ್ಪಟೆ ಬ್ರಷ್ಷಿನಲ್ಲಿ ಬಣ್ಣ ಎತ್ತಿ ಇಡುವುದು, ಬಟ್ಟೆಗೆ ಒರೆಸುವುದು, ಮತ್ತೆ ಎತ್ತುವುದು. ಇಟ್ಟಿದ್ದನ್ನು ಉಜ್ಜಲಿಲ್ಲ. ಕೈ ಮಾತ್ರ ಉಜ್ಜಲು ತುಡಿಯುತ್ತಲೇ ಇತ್ತು. ಒಂದು ಕಡೆ ಸೋತು ನಯ ಮಾಡಲು ಹೋದೆ, ನೇರಳೆ ಮತ್ತು ಓಕರ್ ಸೇರಿ ಕೆಸರಾಯಿತು. ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆದು ಮತ್ತೆ ಇಟ್ಟೆ. ಬರಿ ಬಿಳಿ ಬಳಸಿದ್ದು ಕೊನೆಗೆ, ಮೂರೇ ಮೂರು ಕಡೆ.

ಬಲೆ ಬಿಡಿಸುತ್ತಿದ್ದ ಅಜ್ಜ ಒಬ್ಬರು ಬಂದು ಇಣುಕಿದರು. "ಎಂತ ಮರಾಯ್ರೆ, ಕಡ್ಲಿಗೆ ನೇರಳೆ ಬಣ್ಣವಾ?"

"ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ ಅಜ್ಜ" ಎಂದೆ.

ಹೋಗಿ ನಿಂತರು. ತುಂಬ ಹೊತ್ತು ನೋಡಿದರು. ನೀರಿನ ಬಗ್ಗೆ ಮತ್ತೇನೂ ಹೇಳಲಿಲ್ಲ. "ದೋಣಿ ಮೂತಿ ಇನ್ನೂ ಎತ್ತರ ಆಯ್ಕ್" ಎಂದರು. ದಡದ ದೋಣಿ ನೋಡಿದೆ, ಬೋರ್ಡು ನೋಡಿದೆ. ಅವರು ಹೇಳಿದ್ದೇ ಸರಿ. ಎರಡು ಗೀಟಿನಲ್ಲಿ ಮೂತಿ ಎತ್ತಿದೆ. ಒಂಬತ್ತಾಗಿತ್ತು, ನೆರಳೆಲ್ಲ ಜಾಗ ಬದಲಿಸಿತ್ತು. ಡಬ್ಬ ಮುಚ್ಚಿದೆ.